ಹಳೇ ಬೊಲೆರೊದಲ್ಲಿ ನೈರೋಬಿಯಿಂದ ಕೇಪ್‌ಟೌನ್: ಹೋಗಿ ಬಂದವರು ಯಾರಾದರೂ ಇದ್ದೀರಾ?

ಬೊಲೆರೊ ಬಸಣ್ಣ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಗೋಕುಲ ರೋಡಿನಲ್ಲಿ ನನ್ನದೊಂದು ಗ್ಯಾರೇಜ್ ಇದೆ. ವಯಸ್ಸು 51. ಮೂವತ್ತು ವರ್ಷ ಬೇರೆಯವರ ಗಾಡಿ ರಿಪೇರಿ ಮಾಡಿ ಊರೂರಿಗೆ ಕಳಿಸಿದ್ದೇನೆ. ನಾನು ಮಾತ್ರ ಒಂದು ಸಲ ಶಿರಡಿಗೆ ಹೋಗಿದ್ದು ಬಿಟ್ಟರೆ ಗೋವಾ ದಾಟಿಲ್ಲ.

ಮುಂದಿನ ವರ್ಷ ಜುಲೈನಲ್ಲಿ ಕೀನ್ಯಾದ ನೈರೋಬಿಯಿಂದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ವರೆಗೆ ರಸ್ತೆ ಹಿಡಿದು ಹೋಗಬೇಕು ಅಂತ ಇದ್ದೇವೆ. ನಾನು, ನಮ್ಮ ಭಾವ ಇಬ್ಬರೇ. ಭಾವನಿಗೆ 63. ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದರು. 34 ವರ್ಷ ಬೋರ್ಡಿನ ಮೇಲೆ ನಮೀಬ್ ಮರುಭೂಮಿ ಬರೆದು ಒರೆಸಿದ್ದಾರಂತೆ, ಈಗ ಕಣ್ಣಾರೆ ನೋಡಬೇಕಂತೆ. ಬಿಪಿ ಇದೆ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ಗಾಡಿ ನನ್ನದೇ ಬೊಲೆರೊ, 2015ರದ್ದು, 1,68,000 ಕಿ.ಮೀ. ಓಡಿದೆ. ಎಂಜಿನ್ ನಾನೇ ಬಿಚ್ಚಿ ಕಟ್ಟಿದ್ದೇನೆ. ಅದನ್ನು ಮುಂಬೈಯಿಂದ ಹಡಗಿನಲ್ಲಿ ಮೊಂಬಾಸಾಗೆ ಕಳಿಸುವ ಯೋಚನೆ. ಕೀನ್ಯಾ, ಟಾಂಜಾನಿಯಾ, ಮಲಾವಿ, ಜಾಂಬಿಯಾ, ಜಿಂಬಾಬ್ವೆ, ಬೋಟ್ಸ್ವಾನ, ನಮೀಬಿಯಾ, ದಕ್ಷಿಣ ಆಫ್ರಿಕಾ, ಹೀಗೆ 8 ದೇಶ, 45 ದಿನ. ಇಬ್ಬರದ್ದೂ ಸೇರಿ 15 ಲಕ್ಷ ತೆಗೆದಿಟ್ಟಿದ್ದೇವೆ.

ಮೇಲೆ ಕ್ಯಾರಿಯರ್, ಟೆಂಟ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ನಾಲ್ಕು ಡೀಸೆಲ್ ಕ್ಯಾನ್, ಸಣ್ಣ ಫ್ರಿಜ್, ಎರಡು ಬ್ಯಾಟರಿ, 60 ಕೆ.ಜಿ. ಬಿಡಿಭಾಗ, ಇಷ್ಟು ಪಟ್ಟಿ ಆಗಿದೆ. ಇನ್ನೇನು ಬೇಕು? ಕಾಗದಪತ್ರ ಏನೇನು? ಭಾವನ ಊಟಕ್ಕೆ ಏನು ಮಾಡುವುದು? ನನ್ನ ಹೆಂಡತಿ ಮಾತ್ರ "ದಾರಿಯಲ್ಲಿ ಯಾರಾದರೂ ಹೊಡೆದು ಹಾಕಿದರೆ ನಮಗೆ ಗೊತ್ತೂ ಆಗಲ್ಲ" ಅಂತ ದಿನಾ ಹೇಳುತ್ತಿದ್ದಾಳೆ. ಅದಕ್ಕೂ ಒಂದು ಉತ್ತರ ಬೇಕು.

ಮಂಡ್ಯ ರವಿ

ಬಸಣ್ಣ, 15 ಲಕ್ಷಕ್ಕೆ ಮದ್ದೂರ ಹತ್ರ ಒಂದು ಸೈಟ್ ನೋಡಬಹುದಿತ್ತು. ಸುಮ್ನೆ ಹೇಳಿದೆ. ಅಲ್ಲಾ, ಮರುಭೂಮಿ ನೋಡೋಕೆ ರಾಜಸ್ಥಾನ ಇಲ್ವಾ? ಆದರೂ ಯಾರಾದರೂ ಉತ್ತರ ಬರೀರಿ, ಓದೋಕೆ ನಾನೂ ಕಾಯ್ತಾ ಇದ್ದೀನಿ.

ಸಾಗರದ ಸುಮಾ, ದಾರ್ ಎಸ್ ಸಲಾಮ್

ಬಸಣ್ಣನವರೇ, ನಾನು ಸಾಗರದವಳು. ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದು 11 ವರ್ಷ ಆಯಿತು. ಲೆಕ್ಕ ಬರೆಯುವ ಕೆಲಸ. 2023ರ ಜುಲೈ-ಆಗಸ್ಟ್‌ನಲ್ಲಿ ನಾನು, ನಮ್ಮನೆಯವರು ಇಲ್ಲಿಂದ ಕೇಪ್‌ಟೌನ್‌ಗೆ ಹೋಗಿದ್ದೆವು. ಹಳೇ ಟೊಯೋಟಾ ಹೈಲಕ್ಸ್. 47 ದಿನ, ಅಲ್ಲಲ್ಲಿ ಸುತ್ತಿದ್ದೂ ಸೇರಿ 8 ಸಾವಿರ ಕಿ.ಮೀ. ಅವರು ಗಾಡಿ ಓಡಿಸಿದರು, ನಾನು ಫೈಲ್ ಓಡಿಸಿದೆ. ಹಾಗಾಗಿ ಎಂಜಿನ್ ವಿಷಯ ನನ್ನ ಹತ್ತಿರ ಕೇಳಬೇಡಿ.

ನಿಮ್ಮ ಸಾಮಾನಿನ ಪಟ್ಟಿ ಓದಿ ನಗು ಬಂತು. ನಮ್ಮನೆಯವರದ್ದೂ ಹೀಗೇ ಇತ್ತು. ಆ ವಿಂಚನ್ನು 47 ದಿನದಲ್ಲಿ ಒಮ್ಮೆಯೂ ಮುಟ್ಟಲಿಲ್ಲ. ನನ್ನ ಫೈಲನ್ನು ಬಿಚ್ಚದ ದಿನವೇ ಇರಲಿಲ್ಲ. ದಾರಿಯ ಬಹುಪಾಲು ಟಾರು ರಸ್ತೆ. ನೈರೋಬಿ, ನಮಂಗಾ ಗಡಿ, ಅರುಶಾ, ಡೊಡೊಮಾ, ಇರಿಂಗಾ, ಎಂಬೆಯಾ, ಆಮೇಲೆ ಜಾಂಬಿಯಾ ಒಳಗೆ ಎಂಪಿಕಾ, ಸೆರೆಂಜೆ, ಲುಸಾಕಾ, ಲಿವಿಂಗ್‌ಸ್ಟನ್, ಇಷ್ಟು ದೂರಕ್ಕೂ ಟಾರು ಇದೆ. ಜಾಂಬಿಯಾದಲ್ಲಿ ಗುಂಡಿ ಜಾಸ್ತಿ, ಆದರೆ ಗುಂಡಿ ನಿಮಗೆ ಹೊಸದೇನಲ್ಲವಲ್ಲ. ಇನ್ನೊಂದು ಅನುಕೂಲ ಅಂದರೆ ನೀವು ಬರೆದ ಎಂಟೂ ದೇಶದಲ್ಲಿ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ. ಪಕ್ಕದ ರವಾಂಡಾಗೋ ಅಂಗೋಲಾಗೋ ತಿರುಗಿದರೆ ಮಾತ್ರ ಬಲಗಡೆ.

ಮೊದಲು ದಿನದ ಲೆಕ್ಕ ಹೇಳುತ್ತೇನೆ. ನಕ್ಷೆಯಲ್ಲಿ 500 ಕಿ.ಮೀ. ಅಂತ ಕಂಡರೆ ನೀವು ಹುಬ್ಬಳ್ಳಿ-ಬೆಂಗಳೂರು ಅಂತ ಅಂದುಕೊಳ್ಳುತ್ತೀರಿ, ಊಟಕ್ಕೆ ನಿಲ್ಲಿಸಿ ಸಂಜೆಗೆ ಮುಟ್ಟಬಹುದು ಅಂತ. ಇಲ್ಲಿ ಆಗುವುದಿಲ್ಲ. ಟಾಂಜಾನಿಯಾದಲ್ಲಿ ಪ್ರತಿ ಹಳ್ಳಿ ಶುರುವಾಗುವ ಕಡೆ 50ರ ಬೋರ್ಡು. ಹಳ್ಳಿ ಮುಗಿದ ಬೋರ್ಡು ಕಾಣುವವರೆಗೂ 50 ದಾಟಬಾರದು. ಬಿಳಿ ಬಟ್ಟೆಯ ಪೊಲೀಸರು ಮಾವಿನ ಮರದ ನೆರಳಲ್ಲಿ ವೇಗ ಅಳೆಯುವ ಯಂತ್ರ ಹಿಡಿದು ನಿಂತಿರುತ್ತಾರೆ. ದಂಡ 30,000 ಶಿಲ್ಲಿಂಗ್. 11 ವರ್ಷ ಇಲ್ಲೇ ಇದ್ದೂ ನಾವು ಆ ಪ್ರವಾಸದಲ್ಲಿ ಮೂರು ಸಲ ಸಿಕ್ಕಿಬಿದ್ದೆವು. ಮೂರೂ ಸಲ ತಪ್ಪು ನಮ್ಮದೇ. ರಸೀದಿ ಕೇಳಿ, ಕಟ್ಟಿ, ಮುಂದೆ ಹೋಗಿ. ವಾದ ಬೇಡ.

ಅದೂ ಅಲ್ಲದೆ, ಕತ್ತಲಾದ ಮೇಲೆ ಓಡಿಸುವ ಹಾಗಿಲ್ಲ. ಇದು ನಿಮ್ಮ ಮನೆಯವರಿಗೂ ಹೇಳಿ. ಈ ದಾರಿಯಲ್ಲಿ ದರೋಡೆಗಿಂತ ಭಯ ಪಡಬೇಕಾಗಿದ್ದು ರಾತ್ರಿಯ ರಸ್ತೆಗೆ. ಲೈಟಿಲ್ಲದ ಲಾರಿ, ಮಧ್ಯದಲ್ಲಿ ಮಲಗಿದ ದನ, ನಡೆದು ಹೋಗುವ ಜನ. ಬೋಟ್ಸ್ವಾನದಲ್ಲಿ ಕಸಾನೆಯಿಂದ ನಾಟಾಗೆ ಹೋಗುವ ಸುಮಾರು 300 ಕಿ.ಮೀ. ರಸ್ತೆಯಲ್ಲಿ ಆನೆಗಳು ನಮ್ಮೂರಿನ ಎಮ್ಮೆ ದಾಟಿದಷ್ಟು ಸಲೀಸಾಗಿ ದಾಟುತ್ತವೆ. ಹಗಲಲ್ಲೇ ಎದೆ ಹೊಡೆದುಕೊಳ್ಳುತ್ತದೆ, ರಾತ್ರಿ ಆ ಬೂದು ಬಣ್ಣ ಕಾಣುವುದೇ ಇಲ್ಲ. ರಸ್ತೆ ಮೇಲೆ ಮರದ ಕೊಂಬೆ ಮುರಿದು ಹಾಕಿದ್ದರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಅಂತ ಅರ್ಥ. ಅದು ನಿಮಗೆ ಹೇಳಿಕೊಡಬೇಕಾಗಿಲ್ಲ, ನಮ್ಮ ಘಾಟಿಯಲ್ಲೂ ಇದೇ ಪದ್ಧತಿ ಅಲ್ವಾ.

ಜುಲೈನಲ್ಲಿ ಅಲ್ಲೆಲ್ಲ ಆರೂವರೆ ಹೊತ್ತಿಗೇ ಕತ್ತಲು. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ನಾಲ್ಕಕ್ಕೆ ನಿಲ್ಲಿಸುವ ಲೆಕ್ಕ ಇಟ್ಟುಕೊಳ್ಳಿ. ದಿನಕ್ಕೆ 300 ಕಿ.ಮೀ. ಸಾಕು. ಮೂರು ದಿನ ಓಡಿಸಿದರೆ ಒಂದು ದಿನ ಗಾಡಿಯನ್ನು ಮುಟ್ಟಬೇಡಿ. ಗಡಿ ದಾಟುವ ದಿನವನ್ನು ಓಡಿಸುವ ದಿನ ಅಂತ ಲೆಕ್ಕಕ್ಕೇ ಹಿಡಿಯಬೇಡಿ. ಟುಂಡುಮಾ-ನಕೊಂಡೆ ಗಡಿಯಲ್ಲಿ, ಅಂದರೆ ಟಾಂಜಾನಿಯಾ ಮುಗಿದು ಜಾಂಬಿಯಾ ಶುರುವಾಗುವಲ್ಲಿ, ತಾಮ್ರ ಹೊತ್ತ ಲಾರಿಗಳ ಸಾಲು ಊರ ಹೊರಗೇ ಶುರುವಾಗುತ್ತದೆ. ಸಣ್ಣ ಗಾಡಿಗಳನ್ನು ಪಕ್ಕದಿಂದ ಬಿಡುತ್ತಾರೆ, ಆದರೂ ನಮಗೆ ನಾಲ್ಕು ತಾಸು ಹಿಡಿಯಿತು. ಗಾಡಿ ನಿಲ್ಲಿಸುವ ಮುಂಚೆಯೇ ಹತ್ತು ಹುಡುಗರು "ನಾನು ಏಜೆಂಟ್, ಎಲ್ಲಾ ಮಾಡಿಸಿಕೊಡ್ತೀನಿ" ಅಂತ ಮುತ್ತಿಕೊಂಡರು. ನಾನು ನಮ್ಮನೆಯವರನ್ನು ಗಾಡಿಯಲ್ಲೇ ಕೂರಿಸಿ, ಫೈಲ್ ಎದೆಗೆ ಒತ್ತಿಕೊಂಡು, ಒಬ್ಬಳೇ ಕೌಂಟರಿಗೆ ಹೋದೆ. ಕಾರ್ಬನ್ ತೆರಿಗೆ ಒಂದು ಕಡೆ, ರಸ್ತೆ ಟೋಲ್ ಒಂದು ಕಡೆ, ಊರಿನ ಕೌನ್ಸಿಲ್ ಶುಲ್ಕ ಇನ್ನೊಂದು ಕಡೆ, ವಿಮೆ ಮತ್ತೊಂದು ಕಡೆ. ಎಲ್ಲ ರಸೀದಿಯನ್ನೂ ಸ್ಟೇಪಲ್ ಮಾಡಿಟ್ಟೆ. ಮುಂದೆ ಒಂದು ಚೆಕ್‌ಪೋಸ್ಟಿನಲ್ಲಿ ಅದೇ ಕೌನ್ಸಿಲ್ ರಸೀದಿ ಕೇಳಿದರು.

ವಿಮೆಗೆ ಸ್ವಾಹಿಲಿಯಲ್ಲೂ ಬೀಮಾ ಅಂತಾರೆ. ಅಂಗಡಿಗೆ ದುಕಾ, ಗಾಡಿಗೆ ಗಾರಿ, ಚಹಾಕ್ಕೆ ಚಾಯ್. ನಿಮ್ಮಂಥ ಮೆಕ್ಯಾನಿಕ್‌ಗೆ ಫುಂಡಿ ಅಂತಾರೆ. ಆ ಒಂದು ಪದ ಕಲಿತುಕೊಂಡು "ನಾನೂ ಫುಂಡಿ" ಅನ್ನಿ, ಅರ್ಧ ಟಾಂಜಾನಿಯಾ ನಿಮ್ಮ ಸ್ನೇಹಿತ ಆಗುತ್ತದೆ.

ವಿಮೆಗೆ ಕೊಮೆಸಾ (ಪೂರ್ವ, ದಕ್ಷಿಣ ಆಫ್ರಿಕಾದ ದೇಶಗಳ ವ್ಯಾಪಾರ ಒಕ್ಕೂಟ) ಹಳದಿ ಕಾರ್ಡ್ ಅಂತ ಇದೆ. ಕೀನ್ಯಾದಲ್ಲೇ ಮಾಡಿಸಿದರೆ ಟಾಂಜಾನಿಯಾ, ಮಲಾವಿ, ಜಾಂಬಿಯಾ, ಜಿಂಬಾಬ್ವೆವರೆಗೆ ಎದುರಿನವರ ನಷ್ಟಕ್ಕೆ ಅದೊಂದೇ ಸಾಕು. ಬೋಟ್ಸ್ವಾನದಲ್ಲಿ, ಅದರಾಚೆ ಅದು ನಡೆಯುವುದಿಲ್ಲ.

ವೀಸಾ ವಿಷಯಕ್ಕೆ ಒಂದೇ ಮಾತು. ಕೊನೆಯ ದೇಶದ ವೀಸಾ ಮೊದಲು. ಉಳಿದ ಬಹಳಷ್ಟು ದೇಶಗಳದ್ದು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಆಗುತ್ತದೆ. ದಕ್ಷಿಣ ಆಫ್ರಿಕಾದ್ದು ನಮ್ಮ ಪಾಸ್‌ಪೋರ್ಟಿಗೆ ಊರು ಬಿಡುವ ಮುಂಚೆಯೇ, ವಾಸ ಇರುವ ದೇಶದಲ್ಲೇ ಮಾಡಿಸಿಕೊಳ್ಳಬೇಕು. ಅರ್ಜಿಯಲ್ಲಿ ಆ ಗಡಿ ಮುಟ್ಟುವ ತಾರೀಖು ಸರಿಯಾಗಿ ಹಾಕಿ. ನೈರೋಬಿಗೆ ಇಳಿಯುವ ತಾರೀಖು ಹಾಕಿದರೆ ನೀವು ಅಲ್ಲಿಗೆ ಹೋಗುವಷ್ಟರಲ್ಲಿ ವೀಸಾ ಮುಗಿದಿರಬಹುದು. ಯಾರೋ ಎರಡು ವರ್ಷದ ಹಿಂದೆ ಬರೆದಿದ್ದನ್ನು ನಂಬಬೇಡಿ. ನನ್ನದನ್ನೂ ನಂಬಬೇಡಿ. ಕೀನ್ಯಾ 2024ರ ಜನವರಿಯಿಂದ ವೀಸಾ ಪದ್ಧತಿಯನ್ನೇ ತೆಗೆದು ಇಟಿಎ (ಹೊರಡುವ ಮುಂಚೆ ಆನ್‌ಲೈನಿನಲ್ಲಿ ಪಡೆಯುವ ಪ್ರವೇಶ ಅನುಮತಿ) ಮಾಡಿತು, ನಮೀಬಿಯಾ 2025ರ ಏಪ್ರಿಲ್‌ನಿಂದ ಹಲವು ದೇಶಗಳಿಗೆ ನಿಯಮ ಬದಲಿಸಿತು. ಆಯಾ ಸರ್ಕಾರದ ವೆಬ್‌ಸೈಟನ್ನೇ ನೋಡಿ. ಪಾಸ್‌ಪೋರ್ಟ್ ಹೊಸದು ಮಾಡಿಸುವುದಿದ್ದರೆ 60 ಪುಟದ್ದು ಕೇಳಿ.

ಹಳದಿ ಜ್ವರದ ಚುಚ್ಚುಮದ್ದು. ಕೀನ್ಯಾದಿಂದ ಬರುವವರಿಗೆ ಟಾಂಜಾನಿಯಾ ಗಡಿಯಲ್ಲೂ ಕೇಳುತ್ತಾರೆ, ದಕ್ಷಿಣ ಆಫ್ರಿಕಾದಲ್ಲೂ ಕೇಳುತ್ತಾರೆ. ಚುಚ್ಚಿಸಿಕೊಂಡಿದ್ದಕ್ಕೆ ಸರ್ಟಿಫಿಕೇಟ್ ಅಂತ ಒಂದು ಹಳದಿ ಪುಸ್ತಕ ಕೊಡುತ್ತಾರೆ, 10 ದಿನ ಆದ ಮೇಲೇ ಅದಕ್ಕೆ ಬೆಲೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಆದರೆ ನಿಮ್ಮ ಭಾವನಿಗೆ 63 ಅಂದಿರಿ. 60 ದಾಟಿದವರಿಗೆ ಮೊದಲ ಸಲ ಆ ಚುಚ್ಚುಮದ್ದು ಕೊಡುವಾಗ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಇದನ್ನು ಟಿಕೆಟ್ ತೆಗೆಯುವ ಮುಂಚೆ ಅವರ ಡಾಕ್ಟರ ಹತ್ತಿರ ಮಾತಾಡಿ. ಬಿಪಿ ಮಾತ್ರೆ ಇಡೀ ಪ್ರವಾಸಕ್ಕಾಗುವಷ್ಟು, ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಸಮೇತ, ಎರಡು ಬೇರೆ ಬೇರೆ ಚೀಲದಲ್ಲಿ.

ಮಲೇರಿಯಾ ನನಗೆ ಇಲ್ಲಿ ನಾಲ್ಕು ಸಲ ಬಂದಿದೆ. ತಮಾಷೆಯಲ್ಲ. ತಡೆಯುವ ಮಾತ್ರೆ ಯಾವುದು ಅಂತ ಡಾಕ್ಟರು ಹೇಳುತ್ತಾರೆ. ಡಾಕ್ಸಿಸೈಕ್ಲಿನ್ ಕೊಟ್ಟರೆ ಮಲೇರಿಯಾ ಪ್ರದೇಶ ಬಿಟ್ಟ ಮೇಲೂ 4 ವಾರ ತೊಗೊಳ್ಳಬೇಕು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಕೊಟ್ಟರೆ 7 ದಿನ ಸಾಕು, ಬೆಲೆ ಜಾಸ್ತಿ. ಊರಿಗೆ ಹೋದ ಮೇಲೆ ತಿಂಗಳು ಕಳೆದು ಜ್ವರ ಬಂದರೂ "ನಾನು ಆಫ್ರಿಕಾಗೆ ಹೋಗಿದ್ದೆ" ಅಂತ ಡಾಕ್ಟರಿಗೆ ಮೊದಲು ಅದನ್ನೇ ಹೇಳಬೇಕು.

ದುಡ್ಡು. ಡಾಲರ್ ಹೊಸ ನೋಟುಗಳನ್ನೇ ತನ್ನಿ. ಮಾಸಿದ, ಹರಿದ, ಹಳೇ ಮುದ್ರಣದ ನೋಟನ್ನು ಮುಟ್ಟುವುದೂ ಇಲ್ಲ. 1, 5, 10ರ ನೋಟು ಜಾಸ್ತಿ ಇರಲಿ, ಜಿಂಬಾಬ್ವೆಯಲ್ಲಿ ಚಿಲ್ಲರೆ ವಾಪಸ್ ಸಿಗುವುದು ಕಷ್ಟ. ಕೀನ್ಯಾದಲ್ಲಿ ತರಕಾರಿಯವಳೂ ಎಂ-ಪೆಸಾ ತೊಗೊಳ್ಳುತ್ತಾಳೆ. ನಮ್ಮಲ್ಲಿ ಫೋನಿನಲ್ಲಿ ದುಡ್ಡು ಕೊಡುವುದು ರೂಢಿಯಾಗುವ ಎಷ್ಟೋ ಮುಂಚೆ, 2007ರಲ್ಲೇ ಅವರು ಶುರು ಮಾಡಿದ್ದರು. ಪಾಸ್‌ಪೋರ್ಟ್ ತೋರಿಸಿ ಸಿಮ್ ತೊಗೊಂಡರೆ ಆಯಿತು. ದಕ್ಷಿಣದ ಮೂರು ದೇಶದಲ್ಲಿ ಕಾರ್ಡ್ ನಡೆಯುತ್ತದೆ. ನಮೀಬಿಯಾದಲ್ಲಿ ದಕ್ಷಿಣ ಆಫ್ರಿಕಾದ ರ‍್ಯಾಂಡನ್ನೂ ಒಂದಕ್ಕೊಂದು ತೊಗೊಳ್ಳುತ್ತಾರೆ.

ಬಟ್ಟೆ. ಆಫ್ರಿಕಾ ಅಂದರೆ ಸೆಕೆ ಅಂತ ನಮ್ಮನೆಯವರು ಒಂದೇ ಒಂದು ಜಾಕೆಟ್ ತಂದಿದ್ದರು. ಜುಲೈ ಅಂದರೆ ದಕ್ಷಿಣಾರ್ಧದಲ್ಲಿ ಚಳಿಗಾಲ, ಮೇಷ್ಟ್ರಿಗೆ ಗೊತ್ತಿರುತ್ತದೆ. ಬೋಟ್ಸ್ವಾನದ ಕಲಹರಿ ಮರುಭೂಮಿಯ ಘಾಂಜಿಯಲ್ಲಿ ಬೆಳಿಗ್ಗೆ ಎದ್ದರೆ ಟೆಂಟಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಆದರೂ ಜುಲೈ ಸರಿಯಾದ ತಿಂಗಳೇ. ಪೂರ್ವದಲ್ಲಿ ಮಾರ್ಚ್‌ನಿಂದ ಮೇ ದೊಡ್ಡ ಮಳೆ, ದಕ್ಷಿಣದಲ್ಲಿ ನವೆಂಬರಿನಿಂದ ಮಾರ್ಚ್. ನಡುವೆ ಒಣಗಿರುತ್ತದೆ, ಪ್ರಾಣಿಗಳು ನೀರಿದ್ದ ಕಡೆ ಬಂದು ಸೇರುತ್ತವೆ. ಕೇಪ್‌ಟೌನ್ ಮಾತ್ರ ಉಲ್ಟಾ, ಅಲ್ಲಿ ಜೂನ್‌ನಿಂದ ಆಗಸ್ಟ್ ಮಳೆ. ಕಡು ನೀಲಿ, ಕಪ್ಪು ಬಟ್ಟೆ ಬೇಡ. ಸೆಟ್ಸಿ ನೊಣಕ್ಕೆ ಆ ಬಣ್ಣ ಅಂದರೆ ಪ್ರಾಣ. ಜೀನ್ಸ್ ಮೇಲಿಂದಲೂ ಕಚ್ಚುತ್ತದೆ.

ಊಟ. ಭಾವನ ಬಗ್ಗೆ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ನೈರೋಬಿ, ಅರುಶಾ, ಲುಸಾಕಾದಲ್ಲಿ ಗುಜರಾತಿಗಳ ಅಂಗಡಿ ಇವೆ, ಬೇಳೆ, ಹಿಟ್ಟು, ಹಪ್ಪಳ ಎಲ್ಲ ಸಿಗುತ್ತದೆ. ಟಾಂಜಾನಿಯಾದ ಯಾವ ದಾರಿಬದಿ ಹೋಟೆಲಿನಲ್ಲೂ "ವಾಲಿ ಮಹರಾಗೆ" ಅಂದರೆ ಅನ್ನ, ಕೆಂಪು ಕಾಳಿನ ಗೊಜ್ಜು ಬರುತ್ತದೆ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಜಾಂಬಿಯಾದಲ್ಲಿ ಅದೇ ಎನ್ಶಿಮಾ, ಜಿಂಬಾಬ್ವೆಯಲ್ಲಿ ಸಾಡ್ಜಾ. ಹೆಸರು ಬದಲಾಗುತ್ತದೆ, ಮುದ್ದೆ ಅದೇ. ಮಂಡ್ಯ ರವಿಯವರಿಗೆ ಒಂದು ಸುದ್ದಿ: ರಾಗಿಯ ತವರು ಈ ಕಡೆಯ ಎತ್ತರದ ನಾಡುಗಳೇ, ಇಲ್ಲಿಂದಲೇ ನಮ್ಮ ಕಡೆ ಬಂದಿದ್ದು. ಇಲ್ಲಿ ಅದಕ್ಕೆ ಉಲೆಜಿ ಅಂತಾರೆ, ಕೀನ್ಯಾದಲ್ಲಿ ವಿಂಬಿ. ಬೆಳಿಗ್ಗೆ ಬಸ್ ಸ್ಟಾಂಡಿನಲ್ಲಿ ಬಿಸಿ ಬಿಸಿ ರಾಗಿ ಗಂಜಿ ಮಗ್ಗಿನಲ್ಲಿ ಕೊಡುತ್ತಾರೆ, ಉಜಿ ಅಂತ. ಸಕ್ಕರೆ ಮಾತ್ರ ಕಡಿಮೆ ಹಾಕಿ ಅಂತ ಹೇಳಬೇಕು.

ಬೋಟ್ಸ್ವಾನದಲ್ಲಿ ದನದ ಕಾಲುಬಾಯಿ ರೋಗ ಹರಡದ ಹಾಗೆ ಉದ್ದುದ್ದ ಬೇಲಿ ಹಾಕಿದ್ದಾರೆ. ಗೇಟಿನಲ್ಲಿ ಗಾಡಿ ಇಳಿದು ಔಷಧಿಯ ನೀರಿನಲ್ಲಿ ಚಪ್ಪಲಿ ಅದ್ದಬೇಕು, ಫ್ರಿಜ್ ತೆಗೆದು ತೋರಿಸಬೇಕು. ಹಸಿ ಮಾಂಸ ಬಿಡುವುದಿಲ್ಲ. ನನ್ನ ಹತ್ತಿರ ದಾರ್‌ನಿಂದ ಹೆಪ್ಪು ಉಳಿಸಿಕೊಂಡು ಬಂದ ಮೊಸರಿನ ಡಬ್ಬಿ ಇತ್ತು. ಮನೆಯ ಮೊಸರು, ಇದೂ ಆಗಲ್ಲ ಅಂದರು. ನಮ್ಮನೆಯವರು ಒಂದು ನಿಮಿಷ ಅಂತ ಕೇಳಿಕೊಂಡು ಅಲ್ಲೇ ಬೇಲಿ ಪಕ್ಕ ನಿಂತು ಅರ್ಧ ಲೀಟರ್ ಮೊಸರು ಚಮಚದಲ್ಲಿ ತಿಂದು ಮುಗಿಸಿದರು. ಆ ಗೇಟಿನವನು ಕುರ್ಚಿ ತಂದುಕೊಟ್ಟ.

ಈಗ ಗಾಡಿ. ಇಷ್ಟು ಹೊತ್ತು ಸುತ್ತಿ ಬಳಸಿ ಇಲ್ಲಿಗೇ ಬರಬೇಕಿತ್ತು. ಬಸಣ್ಣನವರೇ, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರವಾಸ ಇವೆ. ಮೇಷ್ಟ್ರಿಗೆ ನಮೀಬ್ ನೋಡಬೇಕು. ನಿಮಗೆ ನಿಮ್ಮ ಬೊಲೆರೊ ಅಲ್ಲಿ ಓಡಬೇಕು. 45 ದಿನ, 15 ಲಕ್ಷದಲ್ಲಿ ಎರಡೂ ಆಗುವುದಿಲ್ಲ. ಗಾಡಿಗೆ ಹೋಗುವಾಗ ಒಂದು ಹಡಗು, ಬರುವಾಗ ಒಂದು ಹಡಗು. ಬಂದರಿನಲ್ಲಿ ಬಿಡಿಸಿಕೊಳ್ಳಲು ಎಷ್ಟು ದಿನ ಅಂತ ಯಾರೂ ಖಾತ್ರಿ ಕೊಡುವುದಿಲ್ಲ. ನಿಮ್ಮ 45ರಲ್ಲಿ ಹತ್ತು ದಿನ ಮೊಂಬಾಸಾದ ಲಾಡ್ಜಿನಲ್ಲೇ ಹೋದರೆ ಆಶ್ಚರ್ಯ ಇಲ್ಲ. ಎಂಟು ದೇಶದ ಜಾಗದಲ್ಲಿ ದಕ್ಷಿಣದ ಮೂರು ಮಾಡಿ. ನಮೀಬಿಯಾದ ವಿಂಡ್‌ಹುಕ್‌ಗೆ ವಿಮಾನದಲ್ಲಿ ಹೋಗಿ. ಮೇಲೆ ಟೆಂಟ್ ಕಟ್ಟಿದ, ಒಲೆ, ಫ್ರಿಜ್, ಎರಡು ಸ್ಟೆಪ್ನಿ ಇರುವ ಫೋರ್‌ವೀಲ್ ಗಾಡಿಗಳು ಅಲ್ಲಿ ಬಾಡಿಗೆಗೆ ಸಿಗುತ್ತವೆ. ಗಡಿ ದಾಟಲು ಅನುಮತಿ ಪತ್ರ ಬರೆಸಿಕೊಳ್ಳಿ. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. 30 ದಿನ ಆರಾಮಾಗಿ ಸುತ್ತಬಹುದು.

ಇಲ್ಲ, ಬೊಲೆರೊ ಇಲ್ಲದೆ ನಾನು ಹೋಗಲ್ಲ ಅಂತೀರೋ, ಅದೂ ತಪ್ಪಲ್ಲ. ಆಗ 45 ದಿನವನ್ನು 90 ಮಾಡಿ.

ಕುಡ್ಲ ರೈಡರ್

ಸುಮಕ್ಕ ಎಲ್ಲ ಹೇಳಿದ್ದಾರೆ. ಅವರದ್ದು ಅಲ್ಲಿಯದೇ ನಂಬರ್ ಪ್ಲೇಟ್ ಗಾಡಿ, ಹಾಗಾಗಿ ಒಂದು ದೊಡ್ಡ ತಲೆನೋವು ಅವರಿಗೆ ಇರಲಿಲ್ಲ. ಅದು ಕಾರ್ನೆ. ನಾನು 2019ರಲ್ಲಿ ನನ್ನ ಹಿಮಾಲಯನ್ ಬೈಕನ್ನು ಮುಂಬೈಯಿಂದ ಮೊಂಬಾಸಾಗೆ ಕಳಿಸಿ ಕೇಪ್‌ಟೌನ್‌ವರೆಗೆ ಒಬ್ಬನೇ ಹೋಗಿದ್ದೆ.

ಕಾರ್ನೆ ಅಂದರೆ ನಿಮ್ಮ ಗಾಡಿಯ ಪಾಸ್‌ಪೋರ್ಟ್ ಅಂತ ತಿಳಿಯಿರಿ. "ಈ ಗಾಡಿಯನ್ನು ಇಲ್ಲಿ ಮಾರುವುದಿಲ್ಲ, ವಾಪಸ್ ತೊಗೊಂಡು ಹೋಗುತ್ತೇನೆ" ಅಂತ ಬರೆದುಕೊಟ್ಟ ಹಾಗೆ. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಕೊಡುತ್ತದೆ. ಒಂದು ವರ್ಷ ಚಾಲ್ತಿ. ಗಾಡಿಯ ಬೆಲೆ, ಹೋಗುವ ದೇಶ ನೋಡಿ ಠೇವಣಿಯೋ ಬ್ಯಾಂಕ್ ಗ್ಯಾರಂಟಿಯೋ ಕೇಳುತ್ತಾರೆ. ಆ ದುಡ್ಡು ಖರ್ಚಲ್ಲ, ಆದರೆ ಗಾಡಿ ಊರಿಗೆ ಬಂದು ಕಾಗದ ಸರಿಹೋಗುವ ತನಕ ಕೈಗೆ ಸಿಗುವುದಿಲ್ಲ. ನಿಮ್ಮ 15 ಲಕ್ಷದಲ್ಲಿ ಅದನ್ನು ಸೇರಿಸಿದ್ದೀರಾ?

ಪ್ರತಿ ಹಾಳೆಯಲ್ಲಿ ಮೂರು ತುಂಡು ಇರುತ್ತದೆ. ಒಳಗೆ ಹೋಗುವಾಗ ಒಂದನ್ನು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಇನ್ನೊಂದನ್ನು. ಮೂರನೆಯದು ನಿಮ್ಮ ಪುಸ್ತಕದಲ್ಲೇ ಉಳಿಯುತ್ತದೆ. ಅದರ ಮೇಲೆ ಬಂದಿದ್ದರ ಸೀಲ್, ಹೋಗಿದ್ದರ ಸೀಲ್ ಎರಡೂ ಇರಬೇಕು. ಒಂದು ಗಡಿಯಲ್ಲಿ ಸಂಜೆ ಐದೂವರೆ, ಮೋಡ ಕವಿದಿತ್ತು, ಹೊರಡುವ ಅವಸರ. ಅಧಿಕಾರಿ ತನ್ನ ತುಂಡು ಹರಿದುಕೊಂಡು ಪುಸ್ತಕ ವಾಪಸ್ ಕೊಟ್ಟರು, ನಾನು ನೋಡದೆ ಚೀಲಕ್ಕೆ ಹಾಕಿದೆ. ಮರುದಿನ ರಾತ್ರಿ ಕ್ಯಾಂಪಿನಲ್ಲಿ ಟಾರ್ಚ್ ಹಿಡಿದು ನೋಡುತ್ತೇನೆ, ಹೊರಗೆ ಹೋದ ಸೀಲೇ ಇಲ್ಲ. 340 ಕಿ.ಮೀ. ವಾಪಸ್ ಹೋದೆ. ಮತ್ತೆ 340 ಬಂದೆ. ತಪ್ಪು ಅವರದ್ದು ಅರ್ಧ, ನನ್ನದು ಅರ್ಧ, ಪೆಟ್ರೋಲ್ ಮಾತ್ರ ಪೂರ್ತಿ ನನ್ನದು. ಕೌಂಟರಿನಿಂದ ಒಂದು ಹೆಜ್ಜೆ ಸರಿಯುವ ಮುಂಚೆ ಸೀಲ್, ತಾರೀಖು, ಸಹಿ ಮೂರನ್ನೂ ನೋಡಿ.

ಇನ್ನೊಂದು. ಬೋಟ್ಸ್ವಾನ, ನಮೀಬಿಯಾ, ದಕ್ಷಿಣ ಆಫ್ರಿಕಾ, ಲೆಸೊಥೊ, ಎಸ್ವಾಟಿನಿ ಐದೂ ಸೇರಿ ಒಂದೇ ಕಸ್ಟಮ್ಸ್ ಒಕ್ಕೂಟ. ಮೊದಲ ದೇಶಕ್ಕೆ ಹೋಗುವಾಗ ಒಂದು ಸೀಲ್, ಕೊನೆಯ ದೇಶದಿಂದ ಗಾಡಿ ಹಡಗು ಹತ್ತುವಾಗ ಒಂದು. ನಡುವೆ ಬೇಡ.

ಗಾಡಿ 2015ರದ್ದು ಅಂದಿರಿ, ಅದು ಒಳ್ಳೆಯದೇ ಆಯಿತು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್-6 ಡೀಸೆಲ್ ಗಾಡಿಗಳಿಗೆ ಗಂಧಕ ಬಹಳ ಕಡಿಮೆ ಇರುವ ಡೀಸೆಲ್ ಬೇಕು, ಆ ದಾರಿಯಲ್ಲಿ ಎಲ್ಲ ಪಂಪಿನಲ್ಲೂ ಅದು ಸಿಗುವುದಿಲ್ಲ. ಹಳೇ ಎಂಜಿನ್‌ಗೆ ಆ ಚಿಂತೆ ಇಲ್ಲ. ಬಿಡಿಭಾಗ ಮಾತ್ರ ಕಷ್ಟ. ಯಾವ ಸಣ್ಣ ಊರಿಗೆ ಹೋದರೂ ಟೊಯೋಟಾದ್ದು ಸಿಗುತ್ತದೆ, ಬೊಲೆರೊದ್ದು ಸಿಗುವುದಿಲ್ಲ. ದಕ್ಷಿಣ ಆಫ್ರಿಕಾ ಮುಟ್ಟಿದ ಮೇಲೆ ಪರವಾಗಿಲ್ಲ, ಅಲ್ಲಿ ಮಹೀಂದ್ರಾ ಪಿಕ್‌ಅಪ್‌ಗಳು ಬೇಕಾದಷ್ಟಿವೆ, ಡರ್ಬನ್‌ನಲ್ಲಿ 2018ರಿಂದ ಜೋಡಿಸುವ ಘಟಕವೂ ಇದೆ.

ನಾನು ಹೋದಾಗ ಜಾಂಬಿಯಾ-ಬೋಟ್ಸ್ವಾನ ಗಡಿಯ ಕಜುಂಗುಲಾದಲ್ಲಿ ಜಾಂಬೆಜಿ ನದಿ ದಾಟಲು ಫೆರಿಗೆ ಅರ್ಧ ದಿನ ಕಾದಿದ್ದೆ. 2021ರ ಮೇನಲ್ಲಿ ಅಲ್ಲಿ 923 ಮೀಟರಿನ ಸೇತುವೆ ಆಯಿತು. ನಿಮ್ಮ ಪುಣ್ಯ.

ಬೊಲೆರೊ ಬಸಣ್ಣ, ಹುಬ್ಬಳ್ಳಿ

ಸುಮಾ ಅಕ್ಕಾರ, ಕುಡ್ಲದ ಸಾಹೇಬ್ರ, ಇಬ್ಬರಿಗೂ ಭಾಳ ಉಪಕಾರ ಆಯಿತು. ಎರಡು ದಿನ ಇದನ್ನೇ ಓದಿದೆವು. ಠೇವಣಿಯ ದುಡ್ಡು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಕ್ಕಾರ ಬರೆದಿದ್ದನ್ನು ಭಾವನಿಗೆ ಓದಿ ಹೇಳಿದೆ. "ಎರಡು ಪ್ರವಾಸ ಇವೆ" ಅನ್ನುವ ಕಡೆ ಅವರು ಏನೂ ಮಾತಾಡಲಿಲ್ಲ. ಆಮೇಲೆ ಚಹಾ ಕುಡಿಯುತ್ತಾ, "ನೀ ಬೊಲೆರೊ ತೊಗೊಂಡು ಹೋಗೋ ಮಾರಾಯಾ, ನನ್ನಿಂದ ನಿನಗ ಅಡ್ಡಿ ಬ್ಯಾಡ" ಅಂದರು. ಅದನ್ನು ಕೇಳಿದ ಮೇಲೆ ನನಗೂ ಸರಿ ಅನ್ನಿಸಲಿಲ್ಲ. ಅವರಿಗೆ 63. ಬೊಲೆರೊಗೆ ಇನ್ನೂ ಹತ್ತು ವರ್ಷ ಏನೂ ಆಗುವುದಿಲ್ಲ, ಅದು ನನ್ನ ಕೈಯಲ್ಲಿದೆ.

ಹಾಗಾಗಿ ವಿಂಡ್‌ಹುಕ್‌ನಲ್ಲಿ ಬಾಡಿಗೆ ಗಾಡಿ, 32 ದಿನ, ಮೂರೇ ದೇಶ. ಆಗಸ್ಟ್ ಎರಡನೇ ವಾರ ಶುರು. ಡಾಕ್ಟರ ಹತ್ತಿರ ಶನಿವಾರ ಹೋಗುತ್ತೇವೆ. ಬೊಲೆರೊ ಇನ್ನೊಂದು ಸಲ, ಮಗನ ಡಿಗ್ರಿ ಮುಗಿದ ಮೇಲೆ, 90 ದಿನ.

ಎರಡು ಪ್ರಶ್ನೆ ಉಳಿದಿವೆ. ಬಾಡಿಗೆ ಗಾಡಿಯ ಬಾನೆಟ್ ಎತ್ತಿದರೆ ಬೈಯುತ್ತಾರಾ? ಭಾವನಿಗೆ ನಮೀಬ್ ಮರುಭೂಮಿಯ ಸೊಸುಸ್‌ಫ್ಲೇಯಲ್ಲಿ ಕೆಂಪು ಮರಳುಗುಡ್ಡದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಬೇಕಂತೆ, ಅದಕ್ಕೆ ಎಲ್ಲಿ ಉಳಿಯಬೇಕು?

ಸಾಗರದ ಸುಮಾ, ದಾರ್ ಎಸ್ ಸಲಾಮ್

ಆಯಿಲ್, ನೀರು ನೋಡಲು ಬಾನೆಟ್ ಎತ್ತಿ, ಯಾರೂ ಬೇಡ ಅನ್ನಲ್ಲ. ಬಿಚ್ಚಿ ಕಟ್ಟಬೇಡಿ ಅಷ್ಟೇ! ಟಯರ್ ಗಾಳಿ ಮಾತ್ರ ನೀವೇ ನೋಡಿಕೊಳ್ಳಿ. ನಮೀಬಿಯಾದ ಕಲ್ಲುಮಣ್ಣಿನ ರಸ್ತೆ ನೋಡಲು ನುಣ್ಣಗೆ, ನೇರ, ಎದುರಿಗೆ ಒಂದು ಗಾಡಿಯೂ ಇಲ್ಲ. ತನ್ನಷ್ಟಕ್ಕೆ ವೇಗ ಏರುತ್ತದೆ. ತಿರುವಿನಲ್ಲಿ ಬ್ರೇಕ್ ಹಿಡಿದರೆ ಗಾಡಿ ಮಗುಚುತ್ತದೆ. ಅಲ್ಲಿ ಪ್ರವಾಸಿಗಳ ಅಪಘಾತ ಆಗುವುದೇ ಹೀಗೆ, ಎದುರಿಗೆ ಯಾರೂ ಇಲ್ಲದೆ. ಗಾಳಿ ಸ್ವಲ್ಪ ಇಳಿಸಿ, 80 ದಾಟಬೇಡಿ, ನೀವೆಷ್ಟೇ ದೊಡ್ಡ ಫುಂಡಿ ಆಗಿರಿ. ಪಂಪ್ ಕಂಡ ಕಡೆಯೆಲ್ಲ ಟ್ಯಾಂಕ್ ತುಂಬಿಸಿ, ಅರ್ಧ ಇದ್ದರೂ ತುಂಬಿಸಿ.

ಮೇಷ್ಟ್ರಿಗೆ: ಸೆಸ್ರಿಯಮ್ ಅನ್ನುವಲ್ಲಿ ಪಾರ್ಕಿನ ಗೇಟ್. ಗೇಟಿನ ಒಳಗಡೆ ಇರುವ ಕ್ಯಾಂಪಿನಲ್ಲೇ ಜಾಗ ಕಾದಿರಿಸಿ, ಈಗಲೇ. ಹೊರಗಡೆ ಉಳಿದವರನ್ನು ಸೂರ್ಯ ಹುಟ್ಟಿದ ಮೇಲೆ ಬಿಡುತ್ತಾರೆ, ಒಳಗಿನವರನ್ನು ಒಂದು ತಾಸು ಮುಂಚೆ. ಅಲ್ಲಿಂದ 60 ಕಿ.ಮೀ. ಟಾರು, ಕೊನೆಯ 5 ಕಿ.ಮೀ. ಬರೀ ಮರಳು. ನಿಮಗೆ ಮರಳಿನಲ್ಲಿ ಓಡಿಸಿ ಅಭ್ಯಾಸ ಇಲ್ಲದಿದ್ದರೆ ಅಲ್ಲಿ ಶಟಲ್ ಗಾಡಿ ಇದೆ, ನಾಚಿಕೆ ಬಿಟ್ಟು ಹತ್ತಿ. ನಮ್ಮನೆಯವರು ಹತ್ತಲಿಲ್ಲ. ಒಂದೂವರೆ ತಾಸು ಮರಳು ತೋಡಿದೆವು, ಸೂರ್ಯ ಅಷ್ಟರಲ್ಲಿ ನೆತ್ತಿಗೆ ಹತ್ತಿರ ಬಂದಿದ್ದ.

ಗುಡ್ಡ ಹತ್ತುವಾಗ ಮೇಷ್ಟ್ರು ಏಣಿನ ಮೇಲೆ ನಿಧಾನ ನಡೆಯಲಿ, ಬಿಪಿ ಇದೆಯಲ್ಲ. 45ನೇ ನಂಬರಿನ ಗುಡ್ಡ ರಸ್ತೆ ಪಕ್ಕದಲ್ಲೇ ಇದೆ, ಪೂರ್ತಿ ಹತ್ತದಿದ್ದರೂ ಅರ್ಧದಿಂದಲೇ ಚೆನ್ನಾಗಿ ಕಾಣುತ್ತದೆ.

ಮಂಡ್ಯ ರವಿ

ಬಸಣ್ಣ, ಮಗನ ಡಿಗ್ರಿ ಯಾವಾಗ ಮುಗಿಯುತ್ತೆ? ಬೊಲೆರೊದಲ್ಲಿ ಹಿಂದಿನ ಸೀಟು ಖಾಲಿ ಇದ್ದರೆ ಹೇಳಿ. ನನಗೆ ಬಿಪಿ ಇಲ್ಲ, ಮುದ್ದೆ ಯಾವುದಾದರೂ ಆಗುತ್ತೆ.